ಹೊಸ್ತಿಲು ದಾಟಿ ಬಂದ ನೆರವು

ಕೇರಳದ ತ್ರಿಶೂರು ಜಿಲ್ಲೆಯ ಕುನ್ನಂಕುಳಂ ಮುದ್ರಣ ಮತ್ತು ನೋಟ್‌ಬುಕ್ಕಿನ ಕಸುಬಿಗೆ ಹೆಸರಾದ ಸಣ್ಣ ಪೇಟೆ. 1992ರಲ್ಲಿ ಡಾ. ಕೆ. ಜೇಕಬ್ ರಾಯ್ ಎಂಬ ವೈದ್ಯರು ಅಲ್ಲಿ ಒಂದು ಸಂಘ ಕಟ್ಟಿದರು. ಹೆಸರು ಉದ್ದ: ಅಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ. ಮುಂದೆ ಎಲ್ಲರೂ ಎ.ಆರ್.ಡಿ.ಎಸ್.ಐ. ಎಂದೇ ಕರೆದರು. ರಾಯ್ ಅವರ ತಂದೆಗೇ ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಬಂದಿತ್ತು. ಹೆತ್ತ ತಂದೆ ಮನೆಯವರ ಗುರುತು ಕಳೆದುಕೊಳ್ಳುತ್ತ ಹೋದಾಗ ಆ ಮನೆ ಏನೇನು ಅನುಭವಿಸುತ್ತದೆ ಎಂಬುದನ್ನು ಅವರು ಒಳಗಿನಿಂದ ಕಂಡಿದ್ದರು. ವೈದ್ಯರ ಮನೆಗೇ ದಿಕ್ಕು ತೋಚದಿದ್ದ ಮೇಲೆ ಉಳಿದವರ ಪಾಡೇನು ಎಂಬ ಪ್ರಶ್ನೆಯಿಂದ ಹುಟ್ಟಿದ ಸಂಘ ಇದು.

ಬ್ರಿಟನ್ನಿನಲ್ಲಿ 1979ರಲ್ಲಿ, ಅಮೆರಿಕ ಮತ್ತು ಜಪಾನಿನಲ್ಲಿ 1980ರಲ್ಲಿ ರೋಗಿಗಳ ಕುಟುಂಬದವರು ಒಟ್ಟು ಸೇರಿ ಇಂಥ ಸಂಘಗಳನ್ನು ಕಟ್ಟಿಕೊಂಡಿದ್ದರು. 1984ರಲ್ಲಿ ಅವುಗಳಿಗೆಲ್ಲ ಒಂದು ಅಂತರರಾಷ್ಟ್ರೀಯ ಒಕ್ಕೂಟವೂ ಆಗಿತ್ತು. ಭಾರತದಲ್ಲಿ ಮಾತ್ರ ಆ ಹೊತ್ತಿಗೆ ಏನೂ ಇರಲಿಲ್ಲ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ನಮ್ಮಲ್ಲಿ ಮನೆಯವರೇ ನೋಡಿಕೊಳ್ಳುತ್ತಾರೆ.

ಆ ಉತ್ತರ ಸುಳ್ಳಲ್ಲ, ನಿಜಕ್ಕೂ ಮನೆಯವರೇ ನೋಡಿಕೊಳ್ಳುತ್ತಿದ್ದರು. ಆದರೆ ಮನೆಯವರು ಎಂದರೆ ಯಾರು? ಹೆಂಡತಿ, ಮಗಳು, ಹೆಚ್ಚಾಗಿ ಸೊಸೆ. ಅವರನ್ನು ಯಾರು ನೋಡಿಕೊಳ್ಳಬೇಕು ಎಂದು ಯಾರೂ ಕೇಳಿರಲಿಲ್ಲ. ಭಾರತದಲ್ಲಿ ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ, ಆರೈಕೆಗೆ ಮೂರು ದಶಕಗಳ ಇತಿಹಾಸವಿದೆ. ಅದರಲ್ಲಿ ಗಟ್ಟಿಯಾದ ಹೆಜ್ಜೆ ಬಿದ್ದಾಗಲೆಲ್ಲ ಹೊರಗಿನವರೊಬ್ಬರು ಹೊಸ್ತಿಲು ದಾಟಿ ಒಳಬಂದು, ರೋಗಿಯ ಜೊತೆಗೆ ರೋಗಿಯನ್ನು ನೋಡಿಕೊಳ್ಳುವವರನ್ನೂ ವಿಚಾರಿಸಿದ್ದಾರೆ.

ಹಳೆಯ ಕಾಲದಲ್ಲಿ ಈ ಕಾಯಿಲೆ ಕಣ್ಣಿಗೆ ಬೀಳದಿದ್ದುದಕ್ಕೆ ಕಾರಣವಿದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಮೂವತ್ತೆರಡರ ಆಸುಪಾಸಿನಲ್ಲಿತ್ತು. ಡಿಮೆನ್ಷಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅರವತ್ತೈದು ದಾಟಿದ ಮೇಲೆ. ಆ ವಯಸ್ಸು ಮುಟ್ಟುವವರೇ ಕಡಿಮೆ ಇದ್ದರು, ಮುಟ್ಟಿದವರಲ್ಲಿ ಒಬ್ಬಿಬ್ಬರಿಗೆ ಮರೆವು ಬಂದರೆ 'ಅರವತ್ತಕ್ಕೆ ಅರಳುಮರಳು' ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಉತ್ತರ ಭಾರತದಲ್ಲೂ ಇದೇ ಬಗೆಯ ಮಾತಿತ್ತು. ಕಾಶಿಯಲ್ಲಿ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1998ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ವಿವರವಾಗಿ ಚರ್ಚಿಸಿದ್ದಾರೆ.

ಕೇರಳದಲ್ಲಿ ಮಾತ್ರ ಲೆಕ್ಕ ಬೇಗ ಬದಲಾಯಿತು. ಶಾಲೆ, ಆಸ್ಪತ್ರೆ, ತಾಯಂದಿರ ಆರೋಗ್ಯ ಸುಧಾರಿಸಿ 1990ರ ದಶಕದ ಹೊತ್ತಿಗೆ ಅಲ್ಲಿನವರ ಸರಾಸರಿ ಆಯುಸ್ಸು ಎಪ್ಪತ್ತು ದಾಟಿತ್ತು. ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿತ್ತು. ದುಡಿಯುವ ವಯಸ್ಸಿನವರು ಕೊಲ್ಲಿ ದೇಶಗಳಿಗೆ ಹೋಗಿದ್ದರು. ಮನೆಯಲ್ಲಿ ವಯಸ್ಸಾದವರು ಉಳಿದರು, ಅವರ ಜೊತೆಗೆ ಒಬ್ಬಳೋ ಇಬ್ಬರೋ ಹೆಂಗಸರು. ದೇಶದ ಉಳಿದ ಭಾಗ ಮುಂದೆ ಎದುರಿಸಬೇಕಾದ ಪರಿಸ್ಥಿತಿ ಮೊದಲು ಅಲ್ಲಿ ಬಂತು. ಹಾಗಾಗಿ ಮೊದಲ ಸಂಘ ದೆಹಲಿ, ಮುಂಬೈ ಬಿಟ್ಟು ಕುನ್ನಂಕುಳಂನಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮನೆಯವರನ್ನು ಚಿಕಿತ್ಸೆಯ ಪಾಲುದಾರರನ್ನಾಗಿ ಕಾಣುವ ಪರಿಪಾಠಕ್ಕೆ ಭಾರತದಲ್ಲಿ ಇನ್ನೂ ಹಳೆಯ ಬೇರಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು. ರೋಗಿಯನ್ನು ಗೋಡೆಯೊಳಗೆ ಬಿಟ್ಟು ಹೋಗುವುದೇ ರೂಢಿಯಾಗಿದ್ದ ದಿನಗಳವು. ಮನೆಯವರು ಹತ್ತಿರವಿದ್ದು ಕಾಯಿಲೆ ಎಂದರೇನೆಂದು ಕಲಿತರು, ಕಲಿತದ್ದನ್ನು ಊರಿಗೆ ಒಯ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರವೂ ಇದೇ ದಾರಿ ಹಿಡಿಯಿತು. ಅಲ್ಲಿ ದಾಖಲಾಗುವ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕಿತ್ತು.

ಮುಂದಿನ ಅಧ್ಯಾಯ ಕರ್ನಾಟಕದ್ದು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಗರದ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮನೋರೋಗಿಗಳನ್ನು ಹಳ್ಳಿಯಲ್ಲೇ ಗುರುತಿಸಿ ಚಿಕಿತ್ಸೆ ಕೊಡಬಹುದೇ ಎಂದು ನೋಡುವುದು ಉದ್ದೇಶ. ಆಗುತ್ತದೆ ಎಂದು ಗೊತ್ತಾದ ಮೇಲೆ 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಆ ಪ್ರಯೋಗವನ್ನು ಇಡೀ ಜಿಲ್ಲೆಗೆ ವಿಸ್ತರಿಸಿದರು. ದೇಶಕ್ಕೆ 'ಬಳ್ಳಾರಿ ಮಾದರಿ' ಎಂದು ಪರಿಚಯವಾದದ್ದು ಇದೇ. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಡಿಪಾಯ. ಬಳ್ಳಾರಿಯ ಕೆಲಸ ವಯಸ್ಸಾದವರ ಮರೆವನ್ನೇ ಗುರಿಯಾಗಿಟ್ಟುಕೊಂಡಿರಲಿಲ್ಲ. ಆದರೆ ಸಾಮಾನ್ಯ ಕಾರ್ಯಕರ್ತೆಯೊಬ್ಬಳು ಸರಿಯಾದ ತರಬೇತಿಯಿದ್ದರೆ ಮನೆಬಾಗಿಲಿಗೆ ಹೋಗಿ ತಜ್ಞರ ಕೆಲಸದ ಒಂದು ಪಾಲನ್ನು ಮಾಡಬಲ್ಲಳು ಎಂಬ ನಂಬಿಕೆಯನ್ನು ಅದು ಗಟ್ಟಿಮಾಡಿತು.

ಮರೆವಿನ ಕಾಯಿಲೆಯ ವಿಷಯದಲ್ಲಿ ಕೇರಳದವರು ಮೊದಲು ಮಾಡಿದ್ದು ಎಣಿಕೆ. ಒಂದು ಗ್ರಾಮೀಣ ಪ್ರದೇಶದಲ್ಲಿ ಅರವತ್ತು ದಾಟಿದ 2,067 ಜನರನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಜೇಕಬ್ ರಾಯ್ ಅವರೂ ಆ ತಂಡದಲ್ಲಿದ್ದರು. ಸಾವಿರ ಹಿರಿಯರಲ್ಲಿ ಸುಮಾರು 34 ಮಂದಿಗೆ ಡಿಮೆನ್ಷಿಯಾ ಇತ್ತು. ಇದು ಪಾಶ್ಚಾತ್ಯರ ಕಾಯಿಲೆ, ಒಟ್ಟು ಕುಟುಂಬವಿರುವ ನಮ್ಮ ಹಳ್ಳಿಗಳಲ್ಲಿ ಇರುವುದಿಲ್ಲ ಎಂಬ ಮಾತು ಅಲ್ಲಿಗೆ ನಿಂತಿತು.

ಎರಡು ವರ್ಷಗಳ ನಂತರ, 1998ರಲ್ಲಿ, ಕೊಚ್ಚಿಯಲ್ಲಿ ಬೇರೆ ಬೇರೆ ದೇಶಗಳ ಸಂಶೋಧಕರು ಸೇರಿದರು. ಡಿಮೆನ್ಷಿಯಾ ಇರುವವರಲ್ಲಿ ಶೇ. 66ರಷ್ಟು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ, ಆದರೆ ಸಮುದಾಯ ಮಟ್ಟದ ಸಂಶೋಧನೆಯಲ್ಲಿ ಶೇ. 10ರಷ್ಟೂ ಆ ದೇಶಗಳ ಬಗ್ಗೆ ನಡೆದಿಲ್ಲ ಎಂಬುದು ಅವರ ತಕರಾರು. ಆ ಎರಡು ಅಂಕಿಗಳನ್ನೇ ಹೆಸರಾಗಿಟ್ಟುಕೊಂಡು '10/66 ಡಿಮೆನ್ಷಿಯಾ ರಿಸರ್ಚ್ ಗ್ರೂಪ್' ಹುಟ್ಟಿತು. ಲಂಡನ್ನಿನ ಮನೋವೈದ್ಯ ಮಾರ್ಟಿನ್ ಪ್ರಿನ್ಸ್ ಮುಂದಾಳು. ಭಾರತ, ಚೀನಾ, ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಮುಂದೆ ನಡೆದ ದೊಡ್ಡ ಅಧ್ಯಯನಗಳ ಬೀಜ ಬಿದ್ದದ್ದು ಕೊಚ್ಚಿಯಲ್ಲಿ.

ಎಣಿಕೆಯಾದ ಮೇಲೆ ಉಳಿದದ್ದು ಹುಡುಕುವ ಕೆಲಸ. ರೋಗಿಗಳಿದ್ದಾರೆ, ಆದರೆ ಆಸ್ಪತ್ರೆಗೆ ಬರುತ್ತಿಲ್ಲ. ತ್ರಿಶೂರಿನ ಮನೋವೈದ್ಯ ಡಾ. ಕೆ. ಎಸ್. ಶಾಜಿ ಮತ್ತು ಸಂಗಡಿಗರು ಊರಿನ ಆರೋಗ್ಯ ಕಾರ್ಯಕರ್ತೆಯರಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟು, ನಿಮಗೆ ಗೊತ್ತಿರುವ ಮನೆಗಳಲ್ಲಿ ಇಂಥ ಲಕ್ಷಣದವರು ಇದ್ದಾರೆಯೇ ಹೇಳಿ ಎಂದರು. ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಅಡುಗೆಮನೆಯವರೆಗೂ ಪ್ರವೇಶವಿತ್ತು. ಯಾವ ಅಜ್ಜಿ ತನ್ನ ಮನೆಯಲ್ಲೇ ಕೂತು 'ನಮ್ಮ ಮನೆಗೆ ಹೋಗೋಣ' ಎನ್ನುತ್ತಾಳೆ, ಯಾವ ಅಜ್ಜನಿಗೆ ಮೊಮ್ಮಗನ ಹೆಸರು ಬಾಯಿಗೆ ಬರುವುದಿಲ್ಲ ಎಂಬುದು ಇಂಥವರಿಗೆ ಗೊತ್ತಾಗದೆ ಇರದು. ಅವರು ಕೊಟ್ಟ ಹೆಸರುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರ ಪರೀಕ್ಷೆಯಲ್ಲೂ ಡಿಮೆನ್ಷಿಯಾ ಎಂದೇ ಖಚಿತವಾದವು. ಬಳ್ಳಾರಿ ಕಲಿಸಿದ ಪಾಠ ಇಲ್ಲಿ ಮರೆವಿನ ಕಾಯಿಲೆಗೂ ಹೊಂದಿಕೊಂಡಿತು.

ಅದೇ ತಂಡ ಆರೈಕೆ ಮಾಡುವವರನ್ನು ಕೂರಿಸಿಕೊಂಡು ಮಾತಾಡಿಸಿದಾಗ ಇನ್ನೊಂದು ಮುಖ ತೆರೆದುಕೊಂಡಿತು. ಬಹುಪಾಲು ಹೆಂಗಸರು. ಇದು ಕಾಯಿಲೆ ಎಂದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ವಯಸ್ಸಾದ ಮೇಲೆ ಹೀಗೇ ಎಂದುಕೊಂಡಿದ್ದರು, ಇಲ್ಲವೇ ಮುದುಕರು ಬೇಕೆಂದೇ ಹಠ ಹಿಡಿಯುತ್ತಾರೆ ಎಂದು ಬೇಸರಪಟ್ಟುಕೊಂಡಿದ್ದರು.

ಇಂಥ ಮನೆಗಳ ದಿನಚರಿ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರು ಬಲ್ಲರು. ಅತ್ತೆಗೆ ಬೆಳಿಗ್ಗೆ ಎಂಟಕ್ಕೆ ಸೊಸೆ ಕೈಯಾರೆ ತಿಂಡಿ ತಿನ್ನಿಸುತ್ತಾಳೆ. ಅರ್ಧ ಗಂಟೆಯಲ್ಲಿ ಅತ್ತೆ ಜಗಲಿಗೆ ಬಂದು, ದಾರಿಯಲ್ಲಿ ಹೋಗುವವರನ್ನು ಕರೆದು, ನಿನ್ನೆಯಿಂದ ನನಗೆ ಒಂದು ತುತ್ತೂ ಹಾಕಿಲ್ಲ ಎಂದು ಅಳುತ್ತಾಳೆ. ತಿಂದದ್ದು ಅವಳ ನೆನಪಿನಲ್ಲಿ ಉಳಿದೇ ಇಲ್ಲ, ಹಾಗಾಗಿ ಅವಳು ಹೇಳುತ್ತಿರುವುದು ಅವಳ ಮಟ್ಟಿಗೆ ಸುಳ್ಳಲ್ಲ. ಕೇಳಿದ ನೆರೆಮನೆಯಾಕೆ ನಂಬುತ್ತಾಳೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಊರಿಂದ ಬಂದ ನಾದಿನಿ, 'ಅಮ್ಮ ಇಷ್ಟು ಸೊರಗಿದ್ದಾಳಲ್ಲ ಅತ್ತಿಗೆ' ಎಂದು ಒಂದು ಮಾತು ಎಸೆದು ಹೋಗುತ್ತಾಳೆ. ರಾತ್ರಿ ಮೂರು ಸಲ ಎದ್ದು, ಒದ್ದೆಯಾದ ಬಟ್ಟೆ ಬದಲಿಸಿ, ಬಾಗಿಲಿಗೆ ಅಗಳಿ ಹಾಕಿದೆಯೇ ಎಂದು ನೋಡಿ ಮಲಗುವ ಸೊಸೆಗೆ ನಿದ್ದೆಗೇಡಿನ ಜೊತೆಗೆ ಕೆಟ್ಟ ಹೆಸರೂ ಬರುತ್ತದೆ. ರೋಗಿಯ ನಡವಳಿಕೆಯನ್ನು ಕಂಡು, ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಸುತ್ತಲಿನವರು ಅರ್ಥಮಾಡಿಕೊಳ್ಳುವುದನ್ನು ಕೇರಳದ ಸಂಶೋಧಕರು ಬರೆದಿಟ್ಟಿದ್ದಾರೆ. ದಣಿವಿಗಿಂತ ಈ ಅಪವಾದವೇ ಎಷ್ಟೋ ಹೆಂಗಸರನ್ನು ಕುಗ್ಗಿಸುತ್ತದೆ.

ಇಂಥ ಮನೆಗೆ ಏನು ಸಹಾಯ ಕೊಡಬಹುದು ಎಂಬ ಪ್ರಶ್ನೆಗೆ ನೇರ ಉತ್ತರ ಹುಡುಕಿದ್ದು ಗೋವಾ. 1996ರಲ್ಲಿ ಅಲ್ಲಿ ಸ್ಥಾಪನೆಯಾದ 'ಸಂಗಾತ್' ಸಂಸ್ಥೆ, ಡಾ. ಅಮಿತ್ ಡಯಾಸ್ ಮತ್ತು ಡಾ. ವಿಕ್ರಮ್ ಪಟೇಲ್ ಅವರಂಥ ವೈದ್ಯರ ಜೊತೆ ಒಂದು ಪ್ರಯೋಗ ಮಾಡಿತು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಡಿಮೆನ್ಷಿಯಾ ಇರುವ 81 ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ಆರು ತಿಂಗಳು ಸಲಹೆಗಾರರು ಹೋಗಿ ಬಂದರು. ಇನ್ನೊಂದು ಗುಂಪಿಗೆ ಆರು ತಿಂಗಳ ನಂತರ ಅದೇ ನೆರವು ಸಿಕ್ಕಿತು.

ಈ ಸಲಹೆಗಾರರು ವೈದ್ಯರಲ್ಲ, ನರ್ಸುಗಳೂ ಅಲ್ಲ. ಪಿಯುಸಿ ಮಟ್ಟದ ಓದು, ಸರಾಗವಾಗಿ ಕೊಂಕಣಿ ಮಾತಾಡುವ ಶಕ್ತಿ, ಜನರೊಂದಿಗೆ ಬೆರೆಯುವ ಸ್ವಭಾವ, ಇಷ್ಟಿದ್ದರೆ ಸಾಕಿತ್ತು. ಒಂದು ವಾರದ ತರಬೇತಿ ಕೊಟ್ಟರು. ಕಷ್ಟದ ಪ್ರಕರಣ ಬಂದರೆ ಹಿಂದೆ ಮನೋವೈದ್ಯರಿದ್ದರು. ಸಲಹೆಗಾರರು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಕೂರುತ್ತಿದ್ದರು. ಇದು ಹಠವಲ್ಲ, ಮೆದುಳಿನ ಕಾಯಿಲೆ ಎಂದು ಬಿಡಿಸಿ ಹೇಳುತ್ತಿದ್ದರು. ಸ್ನಾನಕ್ಕೆ ಒಪ್ಪದಿದ್ದರೆ, ರಾತ್ರಿಯೆಲ್ಲ ಓಡಾಡಿದರೆ, ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡರೆ ಹೇಗೆ ನಿಭಾಯಿಸಬೇಕು ಎಂದು ಆಯಾ ಮನೆಗೆ ಹೊಂದುವಂತೆ ತಿಳಿಸುತ್ತಿದ್ದರು. ಔಷಧಿ ಬೇಕಾದಾಗ ವೈದ್ಯರ ಬಳಿ ಕಳಿಸುತ್ತಿದ್ದರು, ಸರ್ಕಾರದ ಯೋಜನೆಗಳ ದಾರಿ ತೋರಿಸುತ್ತಿದ್ದರು, ಇದೇ ಕಷ್ಟದಲ್ಲಿರುವ ಬೇರೆ ಮನೆಯವರ ಜೊತೆ ಸಂಪರ್ಕ ಮಾಡಿಸುತ್ತಿದ್ದರು.

ಆರು ತಿಂಗಳ ಕೊನೆಗೆ ರೋಗಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಕಾಯಿಲೆಯ ಸ್ವಭಾವವೇ ಹಾಗೆ. ಆದರೆ ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತ್ತು. ರೋಗಿಯ ನಡವಳಿಕೆಯಿಂದ ಅವರಿಗೆ ಆಗುತ್ತಿದ್ದ ಸಂಕಟ ಇಳಿದಿತ್ತು. ವೈದ್ಯಕೀಯ ಪದವಿಯಿಲ್ಲದ ಒಬ್ಬ ಮನುಷ್ಯ ತಿಂಗಳಿಗೆರಡು ಸಲ ಬಂದು ಕೂತು ಮಾತಾಡುವುದರಿಂದ ಇಷ್ಟು ಸಾಧ್ಯ ಎಂದು ಅಳತೆ ಮಾಡಿ ತೋರಿಸಿದ ಈ ಕೆಲಸವನ್ನು ದೇಶ ಇನ್ನೂ ಪೂರ್ತಿ ಬಳಸಿಕೊಂಡಿಲ್ಲ.

ಕೇರಳದಲ್ಲಿ ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಚಳವಳಿ ಬೆಳೆದಿತ್ತು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ನೋವು ಶಮನದ ಸಂಸ್ಥೆ ಆರಂಭಿಸಿದರು. ಮೊದಲು ಅದು ಕ್ಯಾನ್ಸರ್ ರೋಗಿಗಳಿಗಾಗಿ. ಮಲಪ್ಪುರಂ ಜಿಲ್ಲೆಗೆ ಹರಡುವ ಹೊತ್ತಿಗೆ ಊರಿನ ಜನರೇ ಸ್ವಯಂಸೇವಕರಾಗಿ ನಿಂತಿದ್ದರು. ಅಕ್ಕಪಕ್ಕದವರೇ ಗುಂಪು ಕಟ್ಟಿಕೊಂಡು ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆಯುವುದು, ಮನೆಯವರಿಗೆ ಕೈಜೋಡಿಸುವುದು ರೂಢಿಯಾಯಿತು. ಪಾರ್ಶ್ವವಾಯು, ಮರೆವು, ವಯಸ್ಸಿನ ನಿತ್ರಾಣದಿಂದ ಮಲಗಿದವರೂ ಇದರ ವ್ಯಾಪ್ತಿಗೆ ಬಂದರು. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಗೆ ಒಂದು ನೀತಿಯನ್ನೇ ರೂಪಿಸಿ, ಗ್ರಾಮ ಪಂಚಾಯ್ತಿಗಳನ್ನು ಜವಾಬ್ದಾರರನ್ನಾಗಿ ಮಾಡಿತು. ದೇಶದ ರಾಜ್ಯಗಳಲ್ಲಿ ಅದೇ ಮೊದಲನೆಯದು.

ಕೇರಳದ ಇನ್ನೊಂದು ಯೋಜನೆಯ ಹೆಸರು 'ಆಶ್ವಾಸಕಿರಣಂ'. ಹಾಸಿಗೆ ಹಿಡಿದವರನ್ನು ಅಥವಾ ತೀವ್ರ ಅಂಗವೈಕಲ್ಯ ಇರುವವರನ್ನು ಪೂರ್ಣಾವಧಿ ನೋಡಿಕೊಳ್ಳುವ ವ್ಯಕ್ತಿಗೆ ಸರ್ಕಾರ ತಿಂಗಳಿಗೆ ₹600 ಕೊಡುತ್ತದೆ. ಅದರಲ್ಲಿ ಡೈಪರಿನ ಖರ್ಚೂ ಹುಟ್ಟುವುದಿಲ್ಲ, ನಿಜ. ಆದರೂ ಇದರ ಮಹತ್ವ ಸಣ್ಣದಲ್ಲ. ಭಾರತದ ಸಾಮಾಜಿಕ ಭದ್ರತೆಯ ಹಣವೆಲ್ಲ ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಎಂದು ಲೆಕ್ಕ ಹಾಕಿ ಹೋಗುತ್ತಿದ್ದಾಗ, ಮನೆಯಲ್ಲಿ ಸಂಬಳವಿಲ್ಲದೆ ಆರೈಕೆ ಮಾಡುವವರ ದುಡಿಮೆಗೂ ಒಂದು ಖಾತೆ ತೆರೆದ ಯೋಜನೆ ಇದು.

ಬೆಂಗಳೂರಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. ಐಟಿ ಉದ್ಯೋಗ ಹಿಡಿದ ಮಕ್ಕಳು ಕ್ಯಾಲಿಫೋರ್ನಿಯಾಕ್ಕೋ ಲಂಡನ್ನಿಗೋ ಹೋದ ಮೇಲೆ ಜಯನಗರ, ಮಲ್ಲೇಶ್ವರದ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದರು. ಒಬ್ಬರಿಗೆ ಮರೆವು ಬಂದರೆ ನೋಡಿಕೊಳ್ಳಬೇಕಾದವರೂ ಎಪ್ಪತ್ತೈದರವರೇ. 1998ರಲ್ಲಿ ಡಾ. ರಾಧಾ ಮೂರ್ತಿ ಮತ್ತು ಪ್ರೇಮಕುಮಾರ್ ರಾಜಾ ಆರಂಭಿಸಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2002ರಲ್ಲಿ ನಗರ ಪೊಲೀಸರ ಜೊತೆ ಸೇರಿ ಹಿರಿಯರಿಗಾಗಿ 1090 ಸಹಾಯವಾಣಿ ತೆರೆಯಿತು. ಮನೆಯಲ್ಲಿ ಕಿರುಕುಳ, ಆಸ್ತಿಯ ವ್ಯಾಜ್ಯ, ಒಂಟಿತನ, ಹೀಗೆ ವಯಸ್ಸಾದವರು ಯಾರಿಗೂ ಹೇಳಿಕೊಳ್ಳಲಾಗದ ಸಂಗತಿಗಳಿಗೆ ಕಿವಿಗೊಡುವ ಒಂದು ಜಾಗವಾಯಿತು. 2010ರಲ್ಲಿ ಅದೇ ಟ್ರಸ್ಟ್ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗಾಗಿಯೇ ಒಂದು ಕೇಂದ್ರ ತೆರೆಯಿತು. 2021ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಸಂಖ್ಯೆಯ 'ಎಲ್ಡರ್ ಲೈನ್' 14567 ಆರಂಭಿಸಿದಾಗ ಬೆಂಗಳೂರಿನ ಸಹಾಯವಾಣಿಗೆ ಹತ್ತೊಂಬತ್ತು ವರ್ಷ ತುಂಬಿತ್ತು.

ಹಗಲು ಆರೈಕೆ ಕೇಂದ್ರದಿಂದ ಮನೆಯವರಿಗೆ ಆಗುವ ಲಾಭವನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವ ವ್ಯವಸ್ಥೆ ಇದ್ದರೆ ಮಗಳು ನೌಕರಿ ಬಿಡಬೇಕಾಗಿಲ್ಲ, ಹೆಂಡತಿ ಬ್ಯಾಂಕಿಗೆ ಹೋಗಿ ಬರಬಹುದು, ತನ್ನ ಮೊಣಕಾಲಿಗೆ ಔಷಧಿ ತರಬಹುದು, ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಬಹುದು.

ಸಿನಿಮಾಗಳೂ ಈ ಇತಿಹಾಸದಲ್ಲಿ ಪಾಲು ಪಡೆದಿವೆ. 2005ರಲ್ಲಿ ಬ್ಲೆಸ್ಸಿ ನಿರ್ದೇಶಿಸಿದ ಮಲಯಾಳಂ ಚಿತ್ರ 'ತನ್ಮಾತ್ರ'ದಲ್ಲಿ ಮೋಹನ್‌ಲಾಲ್ ನೆನಪು ಕಳೆದುಕೊಳ್ಳುವ ಸರ್ಕಾರಿ ನೌಕರನಾಗಿ ನಟಿಸಿದರು. ಕಾಯಿಲೆಯ ಹೆಸರು ಕೇರಳದ ಮನೆಮನೆಗೆ ತಲುಪಿತು. ಕನ್ನಡಕ್ಕೆ ಆ ಹೊತ್ತು ಬಂದದ್ದು 2016ರಲ್ಲಿ, ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಮೂಲಕ. ಕಾಣೆಯಾದವರ ಪ್ರಕಟಣೆಯ ಸಾಲನ್ನೇ ಹೆಸರಾಗಿಸಿಕೊಂಡ ಆ ಚಿತ್ರದಲ್ಲಿ ಅನಂತ್ ನಾಗ್ ಮಾಡಿದ ವೆಂಕೋಬ ರಾವ್ ಪಾತ್ರ, ಬೆಂಗಳೂರಿನಂಥ ಊರಿನಲ್ಲಿ ಮರೆವಿನ ಮನುಷ್ಯ ಎಷ್ಟು ಸುಲಭವಾಗಿ ತಪ್ಪಿಹೋಗಬಹುದು ಎಂಬುದನ್ನು ಕನ್ನಡಿಗರಿಗೆ ತೋರಿಸಿತು. ತಂದೆಯ ಕಾಯಿಲೆಯ ಎದುರು ಮಗನ ಅಸಹನೆ, ಆಮೇಲಿನ ಪಶ್ಚಾತ್ತಾಪ ಎರಡನ್ನೂ ಮುಚ್ಚಿಡದ ಚಿತ್ರ ಅದು.

ಕಾನೂನು ಮಾತ್ರ ಬೇರೆ ದಿಕ್ಕಿಗೆ ನೋಡಿತು. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಮಕ್ಕಳ ಮೇಲೆ ಜೀವನಾಂಶದ ಹೊಣೆ ಹಾಕುತ್ತದೆ. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗಿನ ಜೈಲು ಅಥವಾ ₹5,000ವರೆಗಿನ ದಂಡ ವಿಧಿಸಬಹುದು. ಪ್ರತಿ ಜಿಲ್ಲೆಗೊಂದು ವೃದ್ಧಾಶ್ರಮದ ಮಾತೂ ಅದರಲ್ಲಿದೆ. ಹಿರಿಯರ ರಕ್ಷಣೆಗೆ ಇದು ಬೇಕಾದದ್ದೇ. ಆದರೆ ಕಾಯ್ದೆಯ ಗಮನವೆಲ್ಲ ನೋಡಿಕೊಳ್ಳದವರ ಮೇಲೆ. ಹತ್ತು ವರ್ಷ ಮನೆಬಿಟ್ಟು ಕದಲದೆ ನೋಡಿಕೊಂಡವಳಿಗೆ ಅದು ಏನನ್ನೂ ಕೊಡುವುದಿಲ್ಲ.

ಈ ನಡುವೆ ಸಂಖ್ಯೆ ಬೆಳೆಯುತ್ತಲೇ ಇದೆ. 2010ರಲ್ಲಿ ಎ.ಆರ್.ಡಿ.ಎಸ್.ಐ. ಹೊರತಂದ ವರದಿ ದೇಶದಲ್ಲಿ 37 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು ಅಂದಾಜಿಸಿತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜು 88 ಲಕ್ಷ, ಅಂದರೆ ಅರವತ್ತು ದಾಟಿದವರಲ್ಲಿ ಶೇ. 7.4. ಲೆಕ್ಕದ ವಿಧಾನ ಬೇರೆಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೆ ಇಷ್ಟು ಮನೆಗಳಲ್ಲಿ ಕನಿಷ್ಠ ಒಬ್ಬರಂತೆ ಆರೈಕೆಗೆ ನಿಂತಿದ್ದಾರೆ ಎಂದು ಹಿಡಿದರೂ ಅವರ ಸಂಖ್ಯೆ ಒಂದು ಕೋಟಿಯ ಹತ್ತಿರ ಬರುತ್ತದೆ.

ಇಷ್ಟು ಜನರನ್ನು ಮೊಬೈಲಿನ ಮೂಲಕವೇ ತಲುಪಬಹುದಲ್ಲ ಎಂಬ ಯೋಚನೆಯೂ ಬಂತು. ವಿಶ್ವ ಆರೋಗ್ಯ ಸಂಸ್ಥೆ ಆರೈಕೆದಾರರಿಗಾಗಿ ರೂಪಿಸಿದ 'ಐಸಪೋರ್ಟ್' ಎಂಬ ಆನ್‌ಲೈನ್ ತರಬೇತಿಯನ್ನು ನಿಮ್ಹಾನ್ಸ್‌ನ ತಂಡ ಭಾರತಕ್ಕೆ ಹೊಂದಿಸಿ ಪರೀಕ್ಷಿಸಿತು. ಅಧ್ಯಯನಕ್ಕೆ ಸೇರಿದವರು 151 ಮಂದಿ, ಕೊನೆಯವರೆಗೆ ಉಳಿದವರು 55. ದಿನವಿಡೀ ರೋಗಿಯ ಹಿಂದೆ ಓಡಾಡುವವರಿಗೆ ಪರದೆಯ ಮುಂದೆ ಕೂತು ಪಾಠ ಓದುವ ಬಿಡುವೇ ಅಪರೂಪ. ಆನ್‌ಲೈನ್ ಸಾಮಗ್ರಿ ಉಪಯುಕ್ತವೇ, ಆದರೆ ಗೋವಾದ ಸಲಹೆಗಾರರು ಮನೆಗೆ ಹೋಗಿ ಮಾಡಿದ ಕೆಲಸಕ್ಕೆ ಅದು ಬದಲಿಯಾಗಲಾರದು.

2022ರಲ್ಲಿ ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 'ಕರ್ನಾಟಕ ಮೆದುಳು ಆರೋಗ್ಯ' ಉಪಕ್ರಮ ಆರಂಭಿಸಿ, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್‌ಗಳನ್ನು ತೆರೆಯಲು ಹೊರಟಿತು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವಿನ ಜೊತೆಗೆ ಮರೆವಿನ ಕಾಯಿಲೆಯೂ ಅದರ ವ್ಯಾಪ್ತಿಯಲ್ಲಿದೆ. ಪರೀಕ್ಷೆಗಾಗಿ ಬೆಂಗಳೂರಿಗೇ ಓಡಬೇಕಿದ್ದ ಕುಟುಂಬಗಳಿಗೆ ಇದು ದೊಡ್ಡ ಉಪಕಾರ. ಆದರೆ ಕ್ಲಿನಿಕ್ಕಿನಲ್ಲಿ ಕಾಯಿಲೆಯ ಹೆಸರು ತಿಳಿದುಕೊಂಡು, ಚೀಟಿ ಹಿಡಿದು ಬಸ್ಸು ಹತ್ತಿ ಊರಿಗೆ ಮರಳುವ ಮಗಳಿಗೆ ಮಾರನೆಯ ದಿನದಿಂದ ಯಾರು ಜೊತೆಯಾಗುತ್ತಾರೆ ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಉತ್ತರ ಹುಡುಕಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಕಾರ್ಯಕರ್ತೆಯರು ಮನೆಮನೆಯಲ್ಲಿ ರೋಗಿಗಳನ್ನು ಗುರುತಿಸಬಲ್ಲರು ಎಂಬುದನ್ನು ತ್ರಿಶೂರು ತೋರಿಸಿದೆ. ಒಂದು ವಾರದ ತರಬೇತಿ ಪಡೆದ ಊರಿನವರೇ ಮನೆಯವರಿಗೆ ಆಸರೆಯಾಗಬಲ್ಲರು ಎಂಬುದನ್ನು ಗೋವಾ ತೋರಿಸಿದೆ. ಆರೈಕೆಗೆ ನಿಂತವರಿಗೆ ಭತ್ಯೆ ಕೊಡಬಹುದು ಎಂಬುದನ್ನು ಆಶ್ವಾಸಕಿರಣಂ ತೋರಿಸಿದೆ. ಇಡೀ ಜಿಲ್ಲೆಯನ್ನು ಹೀಗೆ ಒಂದುಗೂಡಿಸುವ ಬಗೆ ಬಳ್ಳಾರಿಯಲ್ಲೇ ರೂಪುಗೊಂಡಿತ್ತು. ಕರ್ನಾಟಕದ ಪ್ರತಿ ಊರಿನಲ್ಲೂ ಈಗ ಆಶಾ ಕಾರ್ಯಕರ್ತೆಯಿದ್ದಾಳೆ. ಬಸುರಿ, ಬಾಣಂತಿ, ಕೂಸುಗಳ ಪಟ್ಟಿ ಅವಳ ಪುಸ್ತಕದಲ್ಲಿದೆ. ಅದೇ ಪುಸ್ತಕದಲ್ಲಿ ಮರೆವಿನ ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಂದು ಪುಟ ಸೇರಿಸಬೇಕು. ಆ ಹೆಚ್ಚಿನ ಕೆಲಸಕ್ಕೆ ಅವಳಿಗೆ ತಕ್ಕ ಗೌರವಧನ ಕೊಡಬೇಕು. ತಾಲ್ಲೂಕಿಗೊಂದಾದರೂ ಹಗಲು ಆರೈಕೆ ಕೇಂದ್ರ ತೆರೆಯಬೇಕು. ಮೂರು ದಶಕಗಳಿಂದ ಬಿಡಿಬಿಡಿಯಾಗಿ ನಡೆದ ಕೆಲಸವನ್ನು ಒಂದೆಡೆ ಸೇರಿಸುವುದು ಈಗ ಸರ್ಕಾರದ ಪಾಲಿನ ಹೊಣೆ.